ಗ್ಯಾರಿ ನ್ಯೂಮನ್ ಯಾಕೆ ಇಷ್ಟು ಕತ್ತಲಾದ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಎಲ್ಲ ಕನ್ನಡದವರೇ. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಒಂದು ಆಲ್ಬಂ ಪೂರ್ತಿ ಕೇಳುತ್ತೇವೆ. ನಡುವೆ ಮಾತಿಲ್ಲ. ಮುಗಿದ ಮೇಲೆ ಅವಲಕ್ಕಿ, ಕಾಫಿ, ಜಗಳ. ನಾನು ಗ್ಯಾರಿ ನ್ಯೂಮನ್‌ನ ಹಳೆಯ ಆಲ್ಬಂ ಒಂದು ಸಲ, ಹೊಸದು ಇನ್ನೊಂದು ಸಲ ಹಾಕಿದೆ. ‘ಇವರಿಬ್ಬರೂ ಒಬ್ಬನೇನಾ?’ ಅಂತ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಹೊಸಬರು ಬಂದಾಗಲೆಲ್ಲ ಅದೇ ಉತ್ತರ ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಗ್ಯಾರಿ ನ್ಯೂಮನ್ ಅಂದರೆ ಯಾರು?

ಲಂಡನ್ನಿನವನು. ಹುಟ್ಟಿದ್ದು 1958ರಲ್ಲಿ, ಹುಟ್ಟು ಹೆಸರು ಗ್ಯಾರಿ ವೆಬ್. ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸದ್ದು ಹುಟ್ಟಿಸುವ ಕೀಲಿಮಣೆ (ಚಿಕ್ಕದಾಗಿ ಸಿಂಥ್), ಹಿಡಿದು ಬ್ರಿಟನ್ನಿನಲ್ಲಿ ನಂಬರ್ ಒನ್ ಆದ ಮೊದಲಿಗರಲ್ಲಿ ಒಬ್ಬ. 1979ರಲ್ಲಿ ಅವನ ‘ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್’ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಐದು ನಿಮಿಷ ದಾಟುವ ಹಾಡು, ಜನ ಜೊತೆಗೆ ಹಾಡಲು ಒಂದು ಪಲ್ಲವಿ ಕೂಡ ಇಲ್ಲ. ಅದೇ ವರ್ಷ ‘ಕಾರ್ಸ್’ ಬಂತು, ಅದೂ ನಂಬರ್ ಒನ್. ಮಾರನೇ ವರ್ಷ ಅದು ಅಮೆರಿಕದ ಮೊದಲ ಹತ್ತರೊಳಗೂ ಹೋಯಿತು. ಆಗ ಅವನಿಗೆ 22.

ಅವನು, ಇವನು ಅಂತ ಬರೆಯುತ್ತೀರಲ್ಲ, ವಯಸ್ಸಿಗೆ ಮರ್ಯಾದೆ ಬೇಡವಾ?

ಇದನ್ನು ಕೇಳಿದ್ದು ನಮ್ಮ ಚಿಕ್ಕಮ್ಮ. ಪ್ರೀತಿ ಜಾಸ್ತಿಯಾದರೆ ಹಾಡುವವರನ್ನು ಏಕವಚನದಲ್ಲೇ ಕರೆಯುತ್ತೇವೆ, ಅಲ್ವಾ? ಎದುರು ಸಿಕ್ಕರೆ ‘ನೀವು’ ಅಂತಲೇ ಮಾತಾಡಿಸುತ್ತೇನೆ.

ಮೊದಲು ಅವನ ಸದ್ದು ಹೇಗಿತ್ತು?

ತಣ್ಣಗೆ, ಸ್ವಚ್ಛವಾಗಿ, ಟ್ಯೂಬ್‌ಲೈಟ್ ಬೆಳಕಿನ ಹಾಗೆ. ಆದರೆ ಅದಕ್ಕೂ ಮೊದಲು ಅವನು ಗಿಟಾರ್ ಹಿಡಿದು ಪಂಕ್ ಅನ್ನುವ ಒರಟು ರಾಕ್ ಬಾರಿಸುವ ಹುಡುಗ. ಇದನ್ನು ಎಲ್ಲರೂ ಮರೆಯುತ್ತಾರೆ. ಟ್ಯೂಬ್‌ವೇ ಆರ್ಮಿ ಅಂತ ಬ್ಯಾಂಡ್ ಇತ್ತು. 1978ರಲ್ಲಿ ಪಂಕ್ ಆಲ್ಬಂ ರೆಕಾರ್ಡ್ ಮಾಡಲು ಸ್ಟುಡಿಯೋಗೆ ಹೋದಾಗ ಮೂಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಮಿನಿಮೂಗ್ ಅನ್ನುವ ಒಂದು ಸಿಂಥ್ ಕಂಡಿತು. ಸುಮ್ನೆ ಒಂದು ಕೀಲಿ ಒತ್ತಿದ. ಹಿಂದೆ ಬಾರಿಸಿದವರು ಅದರಲ್ಲಿ ಒಂದು ದಪ್ಪ ಬೇಸ್ ಸದ್ದು ಇಟ್ಟು ಹೋಗಿದ್ದರು. ನೆಲ ನಡುಗಿತು. ಅವತ್ತು ಅದರಲ್ಲಿ ಬೇರೆ ಯಾವುದೋ ಸಪ್ಪೆ ಸದ್ದು ಇದ್ದಿದ್ದರೆ ತನ್ನ ಕತೆಯೇ ಬೇರೆಯಾಗುತ್ತಿತ್ತು ಅಂತ ಅವನೇ ಹೇಳಿಕೊಂಡಿದ್ದಾನೆ.

ಮಾರನೇ ವರ್ಷದ ‘ದಿ ಪ್ಲೆಷರ್ ಪ್ರಿನ್ಸಿಪಲ್’ ಹೊತ್ತಿಗೆ ಗಿಟಾರ್ ಪೂರ್ತಿ ಹೊರಗೆ. ಬೇಸ್ ಇತ್ತು, ಮನುಷ್ಯನೇ ಬಾರಿಸಿದ ಡ್ರಮ್ಸ್ ಇತ್ತು, ಅಲ್ಲಲ್ಲಿ ವಯಲಿನ್ ಕೂಡ. ಉಳಿದದ್ದೆಲ್ಲ ಕೀಲಿಮಣೆ. ಹಿಂದೆ ಅಲೆ ಅಲೆಯಾಗಿ ತೇಲುವ ಆ ತಣ್ಣನೆ ಸದ್ದು ಇದೆಯಲ್ಲ, ಅದು ಪಾಲಿಮೂಗ್ ಅನ್ನುವ ಇನ್ನೊಂದು ಸಿಂಥ್‌ನ ‘ವಾಕ್ಸ್ ಹ್ಯುಮಾನಾ’ ಸೆಟ್ಟಿಂಗ್.

ಇನ್ನೊಂದು ವಿಷಯ. ಸದ್ದು ಸ್ವಚ್ಛವಾಗಿತ್ತು ಅಂದೆ, ಮಾತು ಸ್ವಚ್ಛವಾಗಿರಲಿಲ್ಲ. ಆ ಕಾಲದ್ದೇ ‘ಡೌನ್ ಇನ್ ದ ಪಾರ್ಕ್’ ಕೇಳಿ. ಯಂತ್ರಗಳು ಪಾರ್ಕಿನಲ್ಲಿ ಮನುಷ್ಯರನ್ನು ಬೇಟೆಯಾಡುತ್ತವೆ, ಮೇಲಿನ ಕ್ಲಬ್ಬಿನಲ್ಲಿ ಕೂತವರು ನೋಡಿ ಖುಷಿಪಡುತ್ತಾರೆ. ಕತ್ತಲು ಅವತ್ತೇ ಇತ್ತು. ಸದ್ದು ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿತ್ತು.

ಹಾಗಾದರೆ ಬದಲಾಗಿದ್ದು ಯಾವಾಗ? ಯಾಕೆ?

ಇಸವಿ ಹೇಳುವುದಾದರೆ 1994ರ ‘ಸ್ಯಾಕ್ರಿಫೈಸ್’ನಿಂದ. ಯಾಕೆ ಅನ್ನುವುದೇ ಸ್ವಾರಸ್ಯ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1981ರ ಏಪ್ರಿಲ್‌ನಲ್ಲಿ, ಮೂರು ನಂಬರ್ ಒನ್ ಆಲ್ಬಂ ಆದ ಮೇಲೆ, ಲಂಡನ್ನಿನ ವೆಂಬ್ಲಿಯಲ್ಲಿ ‘ಇನ್ನು ಸ್ಟೇಜ್ ಹತ್ತಲ್ಲ’ ಅಂತ ವಿದಾಯದ ಕಾರ್ಯಕ್ರಮ ಕೊಟ್ಟ. ಆ ಮಾತು ಹೆಚ್ಚು ದಿನ ನಿಲ್ಲಲಿಲ್ಲ. ಆದರೆ ಜನ ಅಷ್ಟರಲ್ಲಿ ಬೇರೆ ಕಡೆ ತಿರುಗಿದ್ದರು. ಆಮೇಲೆ ಹತ್ತು ವರ್ಷ ಇಳಿಜಾರು. ಸ್ವಂತ ಲೇಬಲ್ ಮಾಡಿದ, ಸ್ಯಾಕ್ಸೊಫೋನ್ ಸೇರಿಸಿದ, ಫಂಕ್ ಸೇರಿಸಿದ. ರೇಡಿಯೋದವರಿಗೆ ಏನು ಬೇಕು ಅಂತ ಊಹಿಸಿ ಊಹಿಸಿ ಹಾಡು ಕಟ್ಟಿದ. 1992ರ ‘ಮಷೀನ್ ಪ್ಲಸ್ ಸೋಲ್’ ಅದರ ತಳ. ನಾನು ಅದನ್ನು ಎರಡು ಸಲ ಕೇಳಿದ್ದೇನೆ, ಮೂರನೇ ಸಲ ಕೇಳುವ ಆಸೆ ಇಲ್ಲ. ಅವನಿಗೂ ಅದು ತನ್ನ ಅತಿ ಕೆಟ್ಟ ಕಾಲ ಅಂತಲೇ ನೆನಪು. ಕೈಯಲ್ಲಿ ದುಡ್ಡಿಲ್ಲ, ಮೇಲೆ ಸಾಲ.

ಆಗ ಎರಡು ಸಂಗತಿ ನಡೆದವು. ಒಂದು, ಡಿಪೆಷ್ ಮೋಡ್ ಬ್ಯಾಂಡಿನ 1993ರ ‘ಸಾಂಗ್ಸ್ ಆಫ್ ಫೇಯ್ತ್ ಅಂಡ್ ಡಿವೋಷನ್’ ಕೇಳಿದ. ತನ್ನ ನಂತರ ಬಂದ ಸಿಂಥ್ ಹುಡುಗರು ಗಿಟಾರ್, ಗಲಾಟೆ, ನೋವು ಎಲ್ಲ ಸೇರಿಸಿ ಎಂಥದ್ದು ಕಟ್ಟಿದ್ದಾರೆ ಅಂತ ಕಣ್ಣು ತೆರೆಯಿತು. ಎರಡನೆಯದು ಇನ್ನೂ ಮುಖ್ಯ. ವೃತ್ತಿ ಮುಗಿಯಿತು ಅಂತ ಅವನು ಒಪ್ಪಿಕೊಂಡುಬಿಟ್ಟ. ಇನ್ನು ಹಾಡು ಕಟ್ಟಿದರೆ ಹವ್ಯಾಸಕ್ಕೆ, ತನಗಾಗಿ. ಮನೆಯಲ್ಲೇ ಕೂತು ಹೆಚ್ಚಿನದನ್ನು ತಾನೇ ಬಾರಿಸಿ ‘ಸ್ಯಾಕ್ರಿಫೈಸ್’ ಮಾಡಿದ.

ನನ್ನ ಪ್ರಕಾರ ತಿರುವು ಅಂದರೆ ಇಷ್ಟೇ. ಅವನು ಹೊಸದೊಂದನ್ನು ಹಾಕಿಕೊಳ್ಳಲಿಲ್ಲ. ಬೇರೆಯವರ ಮೆಚ್ಚುಗೆಗೆ ಹಾಕಿಕೊಂಡಿದ್ದನ್ನು ತೆಗೆದಿಟ್ಟ. ಕೆಳಗೆ ಪಂಕ್ ಗಿಟಾರ್ ಇತ್ತು, ಆ ಪಾರ್ಕಿನ ಯಂತ್ರಗಳೂ ಇದ್ದವು.

ನೈನ್ ಇಂಚ್ ನೇಲ್ಸ್ ನೋಡಿ ಕಾಪಿ ಹೊಡೆದ ಅಂತಾರಲ್ಲ?

ಪುಣೆಯಿಂದ ಬರುವ ಒಬ್ಬ ಹುಡುಗ ಪ್ರತಿ ಸಲ ಇದೇ ತಗಾದೆ ತೆಗೆಯುತ್ತಾನೆ. ಇಸವಿ ನೋಡು ಮಾರಾಯ. ನೈನ್ ಇಂಚ್ ನೇಲ್ಸ್ ಅನ್ನುವ ಅಮೆರಿಕದ ಬ್ಯಾಂಡಿನ ಟ್ರೆಂಟ್ ರೆಜ್ನರ್ ಮೊದಲ ಆಲ್ಬಂ ತಂದಿದ್ದು 1989ರಲ್ಲಿ. ಅದನ್ನು ಮಾಡುವಾಗ ಅವನು ಕೇಳುತ್ತಿದ್ದದ್ದು ನ್ಯೂಮನ್‌ನ 1980ರ ‘ಟೆಲಿಕಾನ್’. ಸಿಂಥ್ ಹಿಡಿಯುವ ಆಸೆ ಹುಟ್ಟಿದ್ದು ‘ಕಾರ್ಸ್’ ಕೇಳಿ ಅಂತಲೂ ಹೇಳಿದ್ದಾನೆ. ಆಮೇಲೆ ಅವನ ಬ್ಯಾಂಡ್ ನ್ಯೂಮನ್‌ನ ‘ಮೆಟಲ್’ ಹಾಡನ್ನು ತಾನೇ ಹಾಡಿ 2000ದಲ್ಲಿ ಹೊರತಂದಿತು. ಮರ್ಲಿನ್ ಮ್ಯಾನ್ಸನ್, ಫೂ ಫೈಟರ್ಸ್ ಇಬ್ಬರೂ ತೊಂಬತ್ತರ ದಶಕದಲ್ಲೇ ‘ಡೌನ್ ಇನ್ ದ ಪಾರ್ಕ್’ ಹಾಡಿದ್ದರು. 2009ರಲ್ಲಿ ಲಂಡನ್ನಿನ ಓ2 ಸಭಾಂಗಣದಲ್ಲಿ ರೆಜ್ನರ್ ನ್ಯೂಮನ್‌ನನ್ನು ಸ್ಟೇಜಿಗೇ ಕರೆದ.

ಅಂದರೆ ಹಿತ್ತಲಲ್ಲಿ ಎಂದೋ ಎಸೆದ ಬೀಜ ಪಕ್ಕದವನ ಗದ್ದೆಯಲ್ಲಿ ಬೆಳೆಯಾಯಿತು. ಇವನು ಹೋಗಿ ಒಂದು ಹೊರೆ ಕೊಯ್ದುಕೊಂಡು ಬಂದ. ಅದು ಕಳ್ಳತನವಾ?

ಹಾಗಂತ ಪುಣೆಯವನ ಮಾತು ಪೂರ್ತಿ ಸುಳ್ಳೂ ಅಲ್ಲ. 2000ದ ‘ಪ್ಯೂರ್’ನಲ್ಲಿ ಕೆಲವು ಕಡೆ ಆ ಅಮೆರಿಕನ್ ಗಿಟಾರಿನ ನೆರಳು ಜಾಸ್ತಿಯೇ ಬಿದ್ದಿದೆ. 2006ರ ‘ಜ್ಯಾಗ್ಡ್’ ನನಗೆ ಅರ್ಧದಲ್ಲೇ ದಣಿವು ತರುತ್ತದೆ. ಎಲ್ಲ ಹಾಡೂ ಒಂದೇ ಎತ್ತರದ ಗೋಡೆ.

ಇಂಡಸ್ಟ್ರಿಯಲ್ ಅಂದರೆ ಕಾರ್ಖಾನೆ ಸದ್ದಾ?

ನ್ಯೂಮನ್‌ನ ಈ ಹೊಸ ಸದ್ದನ್ನು ಇಂಡಸ್ಟ್ರಿಯಲ್ ಅಂತಾರೆ. ಆ ಹೆಸರು ಬಂದದ್ದು ಥ್ರಾಬಿಂಗ್ ಗ್ರಿಸಲ್ ಅನ್ನುವ ಇಂಗ್ಲಿಷ್ ಗುಂಪಿನಿಂದ. 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಲೇಬಲ್ ಮಾಡಿದರು. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಐನ್‌ಸ್ಟುರ್ಸೆಂಡೆ ನೊಯ್‌ಬೌಟನ್ ಶುರುವಾಯಿತು. ಅವರು ಕಬ್ಬಿಣದ ತಗಡು, ಸುತ್ತಿಗೆ, ಡ್ರಿಲ್ ಎಲ್ಲವನ್ನೂ ಸ್ಟೇಜಿಗೆ ತಂದರು. ಇದಕ್ಕೆ ರಾಕ್ ಗಿಟಾರ್ ಸೇರಿ ‘ಇಂಡಸ್ಟ್ರಿಯಲ್ ರಾಕ್’ ಆಗಿದ್ದು ಎಂಬತ್ತರ ಕೊನೆಗೆ. ಈ ದಾರಿಯಲ್ಲಿ ಸಿಂಥ್ ಪಾಪ್‌ನಿಂದ ಬಂದವನು ನ್ಯೂಮನ್ ಒಬ್ಬನೇ ಅಲ್ಲ. ಅಮೆರಿಕದ ಮಿನಿಸ್ಟ್ರಿ ಬ್ಯಾಂಡಿನ 1983ರ ಮೊದಲ ಆಲ್ಬಂ ಅಪ್ಪಟ ಡಾನ್ಸ್ ಪಾಪ್. 1988ರ ಹೊತ್ತಿಗೆ ಅದೇ ಬ್ಯಾಂಡ್ ಗರಗಸ. ಅದರ ಯಜಮಾನ ಅಲ್ ಯೋರ್ಗೆನ್ಸನ್‌ಗೆ ಆ ಮೊದಲ ಆಲ್ಬಂ ಹೆಸರೆತ್ತಿದರೆ ಬಹಳ ವರ್ಷ ಸಿಟ್ಟು ಬರುತ್ತಿತ್ತು.

ಇಲ್ಲಿ ನನ್ನದೊಂದು ಮಾತು. ನಮ್ಮಪ್ಪ ಕುಂದಾಪುರದ ಕಡೆಯಿಂದ ಬಂದು ಲೋವರ್ ಪರೇಲಿನ ಒಂದು ಬಟ್ಟೆ ಗಿರಣಿ ಪಕ್ಕ ಸಣ್ಣ ಕ್ಯಾಂಟೀನ್ ನಡೆಸುತ್ತಿದ್ದರು. ಪಾಳಿ ಬದಲಾಗುವಾಗ ಭೋಂಗಾ ಕೂಗುತ್ತಿತ್ತು, ನಮ್ಮ ಚಾಳಿನ ಕಿಟಕಿ ಗಾಜು ಗುಂಯ್ ಅನ್ನುತ್ತಿತ್ತು. ಮಗ್ಗದ ವಿಭಾಗದವರು ಚಹಾ ಕೇಳುವುದೂ ಕೂಗಿಯೇ. ಎಂಟು ಗಂಟೆ ಆ ಸದ್ದಿನಲ್ಲಿ ನಿಂತವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗೇಟಿನ ಹೊರಗೆ ನಿಂತರೆ ಕೇಳುತ್ತಿದ್ದದ್ದು ಒಂದೇ ಗದ್ದಲ. ಆದರೆ ಐದು ನಿಮಿಷ ನಿಂತರೆ ಅದರೊಳಗೆ ತಾಳ ಸಿಗುತ್ತಿತ್ತು. ಒಂದು ಮಗ್ಗ ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ಎರಡೂ ಒಮ್ಮೆ ಕೂಡುವುದು, ಮತ್ತೆ ಬೇರೆಯಾಗುವುದು. ಊರಿನ ಮೇಳದಲ್ಲಿ ಚಂಡೆ ಮದ್ದಳೆ ಕೇಳಿದ್ದ ನನಗೆ ಅದು ಆಟದ ಹಾಗೇ ಅನ್ನಿಸುತ್ತಿತ್ತು.

1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ನನಗೆ ಎಂಟು ವರ್ಷ. ನನಗೆ ನೆನಪಿರುವುದು ಮೆರವಣಿಗೆಯಲ್ಲ, ಸದ್ದು ನಿಂತದ್ದು. ಮಧ್ಯಾಹ್ನ ಕಾಗೆ ಕೂಗುವುದು ಕೇಳಿಸುತ್ತಿತ್ತು. ಅಪ್ಪ ಒಂದು ವರ್ಷ ಉದ್ರಿ ಬರೆದುಕೊಂಡರು, ಆಮೇಲೆ ಕ್ಯಾಂಟೀನ್ ಮುಚ್ಚಿ ಡೊಂಬಿವಲಿಗೆ ಬಂದೆವು. ಎಷ್ಟೋ ವರ್ಷದ ಮೇಲೆ, 2007ರಲ್ಲಿ, ಅದೇ ಲೋವರ್ ಪರೇಲಿನ ಮಥುರಾದಾಸ್ ಮಿಲ್ ಆವರಣದಲ್ಲಿ ಬ್ಲೂ ಫ್ರಾಗ್ ಅನ್ನುವ ಸಂಗೀತ ಕ್ಲಬ್ ತೆರೆಯಿತು. ಅಲ್ಲಿ ಒಂದು ರಾತ್ರಿ ಯಾರೋ ಲ್ಯಾಪ್‌ಟಾಪಿನಿಂದ ಕಬ್ಬಿಣ ಬಡಿಯುವ ಲೂಪ್, ಅಂದರೆ ತಿರುಗಾ ತಿರುಗಾ ಬರುವ ಒಂದು ತುಣುಕು, ಬಿಟ್ಟರು. ಜನ ಕುಣಿದರು. ನಾನು ಬಿಯರ್ ಹಿಡಿದು ಸುಮ್ನೆ ನಿಂತಿದ್ದೆ. ಅಪ್ಪ ಇದ್ದಿದ್ದರೆ ಎಷ್ಟು ಲೋಟ ಚಹಾ ಅಂತ ಕೇಳುತ್ತಿದ್ದರೇನೋ.

ಸಿಂಥ್ ಬಿಟ್ಟು ಗಿಟಾರ್ ಹಿಡಿದನಾ? ಆ ಸದ್ದು ಹೇಗೆ ಮಾಡುತ್ತಾರೆ?

ಬಿಡಲಿಲ್ಲ. ಇದೇ ದೊಡ್ಡ ತಪ್ಪು ತಿಳಿವಳಿಕೆ. ನಾನು ಅಂಧೇರಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವವನು. ಕಿವಿಗೆ ಗೊತ್ತಾದಷ್ಟು ಹೇಳುತ್ತೇನೆ. ಅವನ ಹೊಸ ಆಲ್ಬಂಗಳಲ್ಲಿ ನೀವು ಗಿಟಾರ್ ಅಂದುಕೊಳ್ಳುವ ಎಷ್ಟೋ ಕಡೆ ಸಿಂಥ್ ಕೂಡ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಎರಡಕ್ಕೂ ಡಿಸ್ಟಾರ್ಷನ್ ಹಾಕಿದರೆ ಯಾವುದು ಯಾವುದು ಅಂತ ಬೇರೆ ಮಾಡುವುದು ಕಷ್ಟ. ಡಿಸ್ಟಾರ್ಷನ್ ಅಂದರೆ ಸದ್ದಿನ ಅಲೆಯ ತಲೆ ಕತ್ತರಿಸುವುದು. ಕತ್ತರಿಸಿದ ಕಡೆ ಮೊದಲಿಲ್ಲದ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ. ಅದೇ ಆ ಗರಗರ.

ಆದರೆ ಗುಟ್ಟು ಗದ್ದಲದಲ್ಲಿಲ್ಲ, ಬಿಡುವಿನಲ್ಲಿದೆ. ಪದ್ಯಭಾಗ ಬಹುಪಾಲು ಖಾಲಿ. ಒಂದು ಗಡಿಯಾರದ ಟಿಕ್‌ನಂಥ ಲೂಪ್, ಕೆಳಗೆ ಒಂದು ಬೇಸ್, ಮೇಲೆ ಅವನ ತೆಳ್ಳನೆ ಮೂಗಿನ ದನಿ. ಪಲ್ಲವಿ ಬಂದಾಗ ಇಡೀ ಗೋಡೆ ಬೀಳುತ್ತದೆ. ಆಡಿಯೋ ಮಟ್ಟ ಅಷ್ಟೇನೂ ಏರಿರುವುದಿಲ್ಲ, ಹಿಂದಿನ ಖಾಲಿಯಿಂದಾಗಿ ದೊಡ್ಡದು ಅನ್ನಿಸುತ್ತದೆ. ‘ಜ್ಯಾಗ್ಡ್’ನಿಂದ ಆಚೆಗೆ ಏಡ್ ಫೆಂಟನ್ ಅವನ ಪ್ರೊಡ್ಯೂಸರ್. 2013ರ ‘ಸ್ಪ್ಲಿಂಟರ್’ ಹೊತ್ತಿಗೆ ಇಬ್ಬರೂ ಈ ಬಿಡುವಿನ ಲೆಕ್ಕ ಕಲಿತುಬಿಟ್ಟಿದ್ದರು. ಅದರಲ್ಲಿ ನೈನ್ ಇಂಚ್ ನೇಲ್ಸ್‌ನ ರಾಬಿನ್ ಫಿಂಕ್ ಗಿಟಾರ್ ಕೂಡ ಇದೆ.

ಕೆಲವು ಕಡೆ ನಮ್ಮ ರಾಗದ ಹಾಗೆ ಕೇಳಿಸುತ್ತದಲ್ಲ?

ಹೌದು, 2017ರ ‘ಸ್ಯಾವೇಜ್’ನಲ್ಲಿ ಜಾಸ್ತಿ. ಭೂಮಿ ಕಾದು ಮರುಭೂಮಿಯಾದ ಮೇಲಿನ ಕಾಲದ ಕತೆ ಅದು. ಹಾಗಾಗಿ ಅರಬ್ಬರ ಕಡೆಯ ಸ್ವರಗಳ ಬಣ್ಣ ಹಾಕಿದ್ದಾನೆ. ಷಡ್ಜದ ಪಕ್ಕದಲ್ಲೇ ಒತ್ತಿಕೊಂಡು ಕೂತ ರಿಷಭ ಇದೆಯಲ್ಲ, ಅದೇ ನಿಮ್ಮ ಕಿವಿ ಹಿಡಿದದ್ದು. ಭಾರವಾದ ರಾಕ್‌ನಲ್ಲಿ ಫ್ರಿಜಿಯನ್ ಅನ್ನುವ ಸ್ವರಸಾಲು ತುಂಬ ಬಳಕೆಯಲ್ಲಿದೆ. ಅದರ ಸ್ವರಗಳು ನಮ್ಮ ಹನುಮತೋಡಿಯವೇ. ಹಿಂದೂಸ್ತಾನಿಯವರಿಗೆ ಭೈರವಿ ಥಾಟ್. ಗಮಕ ಇಲ್ಲ, ಅದಕ್ಕೇ ತೋಡಿ ಅನ್ನಿಸುವುದಿಲ್ಲ. ಮಾಟುಂಗಾದಲ್ಲಿ ಬೆಳಿಗ್ಗೆ ಕಛೇರಿ ಕೇಳಿ ಸಂಜೆ ಇದನ್ನು ಹಾಕಿದರೆ ನೆಂಟಸ್ತಿಕೆ ತಾನಾಗಿ ಗೊತ್ತಾಗುತ್ತದೆ. ಅದೇ ಆಲ್ಬಂನ ‘ಮೈ ನೇಮ್ ಈಸ್ ರೂಯಿನ್’ನಲ್ಲಿ ಅವನ ಜೊತೆ ಹಾಡಿದ್ದು ಅವನ ಮಗಳು.

ದೇವರ ಮೇಲೆ ಯಾಕಿಷ್ಟು ಸಿಟ್ಟು? ಅಮ್ಮ ಮನೆಯಲ್ಲಿದ್ದಾಗ ಹಾಕಬಹುದಾ?

ಅವನು ನಾಸ್ತಿಕ. 1994, 1997, 2000ದ ಮೂರು ಆಲ್ಬಂಗಳಲ್ಲೂ ದೇವರ ಜೊತೆ ಜಗಳ ಇದೆ. 1997ರ ‘ಎಕ್ಸೈಲ್’ನಲ್ಲಂತೂ ದೇವರೂ ಸೈತಾನನೂ ಒಂದೇ ಪಕ್ಷ ಅನ್ನುವಷ್ಟು. ಸಿಟ್ಟಿಗೆ ಸ್ವಂತ ಕಾರಣವೂ ಇತ್ತು. ಅವನೂ ಹೆಂಡತಿ ಜೆಮ್ಮಾಳೂ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡರು. ‘ಪ್ಯೂರ್’ನಲ್ಲಿ ಅದರ ಬಗ್ಗೆಯೇ ಹಾಡಿದೆ. ಅದನ್ನು ಕೇಳಿದ ದಿನ ನಮ್ಮ ಗುಂಪಿನಲ್ಲಿ ಯಾರೂ ಜಗಳ ಮಾಡಲಿಲ್ಲ, ಕಾಫಿ ಆರಿತು. ನಮ್ಮಲ್ಲಿ ದೇವರನ್ನು ಬೈದು ಹಾಡಿದವರು ಕಡಿಮೆಯೇನಲ್ಲ. ನಿಂದಾಸ್ತುತಿ ಅಂತ ಹೆಸರೇ ಇದೆ. ಇದರಲ್ಲಿ ಸ್ತುತಿ ಇಲ್ಲ, ಅಷ್ಟೇ. ಅಮ್ಮನಿಗೆ ಮಾತು ಅರ್ಥವಾಗದಿದ್ದರೆ ಹಾಕಿ. ಅರ್ಥವಾಗುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ.

ಹಳೆಯ ಅಭಿಮಾನಿಗಳು ಬಿಟ್ಟುಹೋಗಲಿಲ್ವಾ?

ಹೋಗುವವರು ಎಂಬತ್ತರಲ್ಲೇ ಹೋಗಿದ್ದರು. ಉಳಿದವರು ಗಟ್ಟಿ ಜನ. ಹೊಸಬರು ಬಂದದ್ದು ಮಾತ್ರ ವಿಚಿತ್ರ ದಾರಿಯಲ್ಲಿ. 2001ರಲ್ಲಿ ಬೇಸ್‌ಮೆಂಟ್ ಜಾಕ್ಸ್‌ನವರು ಅವನ ಹಳೆಯ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಸ್ವರತುಣುಕು) ಒಂದನ್ನು ಎತ್ತಿ ಡಾನ್ಸ್ ಹಾಡು ಮಾಡಿದರು. 2002ರಲ್ಲಿ ಶುಗಬೇಬ್ಸ್ ‘ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್’ ಮೇಲೆ ತಮ್ಮ ಹಾಡು ಕೂರಿಸಿ ನಂಬರ್ ಒನ್ ಆದರು. ನಾನು ನ್ಯೂಮನ್‌ನನ್ನು ಕಂಡುಹಿಡಿದದ್ದೂ ಟೀವಿಯಲ್ಲಿ ಆ ಬೇಸ್‌ಮೆಂಟ್ ಜಾಕ್ಸ್ ವಿಡಿಯೋ ನೋಡಿ, ‘ಈ ರಿಫ್ ಯಾರದ್ದು?’ ಅಂತ ಹುಡುಕಿಯೇ.

‘ಸ್ಪ್ಲಿಂಟರ್’ ಮೂವತ್ತು ವರ್ಷದ ಮೇಲೆ ಅವನನ್ನು ಬ್ರಿಟನ್ನಿನ ಮೊದಲ ಇಪ್ಪತ್ತಕ್ಕೆ ತಂದಿತು. ‘ಸ್ಯಾವೇಜ್’ ಎರಡನೇ ಸ್ಥಾನ. 2021ರ ‘ಇಂಟ್ರೂಡರ್’ ಕೂಡ ಎರಡು. ತಮಾಷೆ ಏನು ಗೊತ್ತಾ? ‘ಸ್ಯಾವೇಜ್’ ಬಂದಾಗ ಅಮೆರಿಕದಲ್ಲಿ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್‌ನವರು ಇದು ಎಲೆಕ್ಟ್ರಾನಿಕ್ ಅಲ್ಲ ಅಂತ ಎಲೆಕ್ಟ್ರಾನಿಕ್ ಪಟ್ಟಿಗೇ ಸೇರಿಸಲಿಲ್ಲ. ಯಾರಿಗೆ? ಗ್ಯಾರಿ ನ್ಯೂಮನ್‌ಗೆ! ಇಡ್ಲಿಗೆ ಉದ್ದು ಜಾಸ್ತಿಯಾಯಿತು, ಆದ್ದರಿಂದ ನೀನು ಉಡುಪಿಯವನಲ್ಲ ಅಂದ ಹಾಗೆ.

ಇಂಡಿಯಾಕ್ಕೆ ಬಂದಿದ್ದಾನಾ?

ಬಂದಿದ್ದಾನೆ, ಹಾಡಲು ಅಲ್ಲ. ಅವನು ಪೈಲಟ್ ಕೂಡ. 1981ರಲ್ಲಿ ಸಣ್ಣ ಸೆಸ್ನಾ ವಿಮಾನದಲ್ಲಿ ಇನ್ನೊಬ್ಬ ಪೈಲಟ್ ಜೊತೆ ಭೂಮಿ ಸುತ್ತಲು ಹೊರಟ. ಇಂಡಿಯಾದಲ್ಲಿ ಇಳಿಯಬೇಕಾಯಿತು. ಗೂಢಚಾರರೋ ಕಳ್ಳಸಾಗಣೆಯವರೋ ಅಂತ ಇಬ್ಬರನ್ನೂ ಹಿಡಿದು ಕೂರಿಸಿದರು. ಆ ಪ್ರಯಾಣ ಅಲ್ಲಿಗೇ ಮುಗಿಯಿತು. ಎರಡನೇ ಸಲ ಬೇರೆ ವಿಮಾನದಲ್ಲಿ ಸುತ್ತಿ ಬಂದ.

ಮುಂಬೈಯಲ್ಲಿ ಇಂಥ ತಿರುವು ಯಾರಾದರೂ ತೆಗೆದುಕೊಂಡಿದ್ದಾರಾ?

ಉಲ್ಟಾ ತೆಗೆದುಕೊಂಡವರು ಇದ್ದಾರೆ. ವಿಶಾಲ್ ದದ್ಲಾನಿ ಹಾಡುತ್ತಿದ್ದ ಪೆಂಟಗ್ರಾಮ್ ರಾಕ್‌ನಿಂದ ಶುರುಮಾಡಿ ಎಲೆಕ್ಟ್ರಾನಿಕ್ ಕಡೆ ಬಂತು. ಧೋಬಿ ತಲಾವ್‌ನ ರಂಗ್ ಭವನ್‌ನಲ್ಲಿ ರಾಕ್ ಕೇಳಿ ಬೆಳೆದ ನಮ್ಮ ವಯಸ್ಸಿನವರಿಗೆ ಅದು ಆಗ ಸ್ವಲ್ಪ ಮುನಿಸು ತಂದಿತ್ತು. ಈಗ ನಗು ಬರುತ್ತದೆ.

ಎಲ್ಲಿಂದ ಕೇಳಲು ಶುರುಮಾಡಲಿ?

‘ಸ್ಪ್ಲಿಂಟರ್’. ಖಿನ್ನತೆಯಿಂದ ಹೊರಬಂದ ಮೇಲೆ ಮಾಡಿದ ಆಲ್ಬಂ. ಅದರ ‘ಲಾಸ್ಟ್’ ಅನ್ನುವ ಮೆಲುದನಿಯ ಹಾಡು ಇಡೀ ಗದ್ದಲಕ್ಕಿಂತ ಜಾಸ್ತಿ ಕಾಡುತ್ತದೆ. ಆಮೇಲೆ ಹಿಂದಕ್ಕೆ ಹಾರಿ 1979ರ ‘ರೆಪ್ಲಿಕಾಸ್’ ಕೇಳಿ. ನಡುವಿನ ಎಂಬತ್ತನ್ನು ಸದ್ಯಕ್ಕೆ ಬಿಡಿ.

ನಾನೂ ಇಂಥದ್ದು ಮಾಡಬೇಕು, ಏನೇನು ಬೇಕು?

ಫೋನ್ ಸಾಕು. ಲೋಕಲ್ ತಿರುವಿನಲ್ಲಿ ಹೋಗುವಾಗ ಗಾಲಿ ಹಳಿಗೆ ಉಜ್ಜುವ ಕೀರಲು ಸದ್ದು, ಬೆಳಿಗ್ಗೆ ಅಂಗಡಿಯವನು ಶಟರ್ ಎತ್ತುವುದು, ಅಡುಗೆಮನೆಯ ಸ್ಟೀಲ್ ಡಬ್ಬಿ, ಎಲ್ಲ ರೆಕಾರ್ಡ್ ಮಾಡಿ. ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ವೇಗ ಅರ್ಧಕ್ಕೆ ಇಳಿಸಿ. ಸದ್ದು ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ, ಶಟರ್ ಗುಡುಗಾಗುತ್ತದೆ. ಒಂದು ತುಣುಕು ಕತ್ತರಿಸಿ ತಿರುಗಾ ತಿರುಗಾ ಬಿಡಿ. ಮೇಲೆ ಡಿಸ್ಟಾರ್ಷನ್, ಸ್ವಲ್ಪವೇ. ಎಲ್ಲರೂ ಮೊದಲ ದಿನವೇ ಅತಿ ಮಾಡುತ್ತಾರೆ. ಕೇಬಲ್ ಗೀಬಲ್ ಬೇಕಾದರೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ, ಚೌಕಾಸಿ ಮಾಡಿ.

ಇಷ್ಟು ಸದ್ದಿಗೆ ಪಕ್ಕದ ಮನೆಯವರು ಏನೂ ಅನ್ನುವುದಿಲ್ವಾ?

ಅನ್ನುತ್ತಾರೆ. ಹೋದ ತಿಂಗಳು ಬಾಗಿಲು ಬಡಿದರು. ನಾನು ಕ್ಷಮೆ ಕೇಳಲು ಹೋದರೆ, ಆ ಅಜ್ಜ ಒಳಗೆ ಬಂದು ಸ್ಪೀಕರ್ ಹತ್ತಿರ ಸ್ವಲ್ಪ ಹೊತ್ತು ನಿಂತರು. ಮೂವತ್ತು ವರ್ಷ ಗಿರಣಿಯಲ್ಲಿದ್ದವರಂತೆ. ‘ನಿಮ್ಮ ಮಷೀನಿಗೆ ಎಣ್ಣೆ ಹಾಕಿಲ್ಲ’ ಅಂತ ಮರಾಠಿಯಲ್ಲಿ ಹೇಳಿ, ಕೊಟ್ಟ ಅವಲಕ್ಕಿ ತಿಂದು ಹೋದರು.